ಪಿಯು ಫಲಿತಾಂಶಕ್ಕೂ ಮೊದಲೇ ಮುಚ್ಚುವ ಕಾನೂನು ಶಾಲೆಯ ಬಾಗಿಲು

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ, ಏಪ್ರಿಲ್‌ನಿಂದ ಜೂನ್‌ವರೆಗೆ, ರಾಜ್ಯದ ಸಾವಿರಾರು ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ವಿಚಾರ ಚರ್ಚೆಗೆ ಬರುತ್ತದೆ. ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಒಳ್ಳೆಯ ಅಂಕ ತೆಗೆದವರಿಗೆ ಐದು ವರ್ಷಗಳ ಸಂಯೋಜಿತ ಕಾನೂನು ಪದವಿ ಈಗ ಸಹಜವಾದ ಆಯ್ಕೆಯಾಗಿದೆ. ಆದರೆ ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಗೆ ಅರ್ಜಿ ಹಾಕುವುದು ಹೇಗೆಂದು ಮೇ ತಿಂಗಳಲ್ಲಿ ವಿಚಾರಿಸುವ ವಿದ್ಯಾರ್ಥಿಗೆ, ಅರ್ಜಿಯ ಅವಧಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಮುಗಿದಿತ್ತು, ಪರೀಕ್ಷೆಯೂ ಡಿಸೆಂಬರ್‌ನಲ್ಲೇ ನಡೆದುಹೋಗಿತ್ತು ಎಂಬ ಉತ್ತರ ಸಿಗುತ್ತದೆ. ಆ ವಿದ್ಯಾರ್ಥಿಯ ಅಂಕಗಳಲ್ಲಿ ಕೊರತೆಯಿರಲಿಲ್ಲ. ಇಂಥದೊಂದು ಪರೀಕ್ಷೆಯಿದೆ, ಅದು ಇಂಥ ತಿಂಗಳಲ್ಲಿ ಬರುತ್ತದೆ ಎಂದು ಹೇಳುವವರು ಅವನ ಕಾಲೇಜಿನಲ್ಲಿ ಇರಲಿಲ್ಲ ಅಷ್ಟೆ.

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲಾಟ್, ಹಿಂದೆಲ್ಲ ಮೇ ತಿಂಗಳಲ್ಲಿ ನಡೆಯುತ್ತಿತ್ತು. 2023ನೇ ಸಾಲಿನ ಪ್ರವೇಶಕ್ಕಾಗಿ 2022ರ ಡಿಸೆಂಬರ್ 18ರಂದು ಪರೀಕ್ಷೆ ನಡೆಸಿದಂದಿನಿಂದ ಅದು ಡಿಸೆಂಬರ್‌ನಲ್ಲೇ ನೆಲೆಯೂರಿದೆ. 2025ನೇ ಸಾಲಿನದು 2024ರ ಡಿಸೆಂಬರ್ 1ರಂದು, 2026ನೇ ಸಾಲಿನದು 2025ರ ಡಿಸೆಂಬರ್ 7ರಂದು ನಡೆದವು. ಅರ್ಜಿ ಸಲ್ಲಿಸುವ ಕಾಲ ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್ ಕೊನೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಪಿಯು ಪರೀಕ್ಷೆಗೆ ಇನ್ನೂ ನಾಲ್ಕೈದು ತಿಂಗಳಿರುವಾಗಲೇ, ತಾನು ವಕೀಲನಾಗಬೇಕೋ ಬೇಡವೋ ಎಂಬುದನ್ನು ಹದಿನೇಳು ವರ್ಷದ ಹುಡುಗ ಅಥವಾ ಹುಡುಗಿ ನಿರ್ಧರಿಸಿರಬೇಕು. ವಿಜ್ಞಾನದ ವಿದ್ಯಾರ್ಥಿಗೆ ಸಿಇಟಿ, ನೀಟ್‌ಗಳ ದಿನಾಂಕವನ್ನು ಕಾಲೇಜೇ ನೆನಪಿಸುತ್ತದೆ. ಸ್ಥಳೀಯ ಪತ್ರಿಕೆಯೂ ಪ್ರಕಟಿಸುತ್ತದೆ. ಕಾನೂನಿನ ವಿಷಯದಲ್ಲಿ ಅಂಥ ವಾಡಿಕೆ ಬೆಳೆದಿಲ್ಲ. ಹೀಗಾಗಿ ಮೊದಲ ಹಂತದ ಆಯ್ಕೆ ಪರೀಕ್ಷಾ ಕೊಠಡಿಗೆ ಮುಂಚೆಯೇ, ಮಾಹಿತಿ ಯಾರನ್ನು ತಲುಪಿತು ಎಂಬುದರ ಮೇಲೆ ನಡೆದುಹೋಗುತ್ತದೆ.

ಭಾರತದಲ್ಲಿ ಪಿಯು ನಂತರ ನೇರವಾಗಿ ಕಾನೂನು ಓದುವ ಐದು ವರ್ಷಗಳ ಮಾದರಿ ನೆಲೆಗೊಂಡದ್ದೇ ಬೆಂಗಳೂರಿನಲ್ಲಿ. ಕರ್ನಾಟಕ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ ನಾಗರಬಾವಿಯ ಇದೇ ಕಾನೂನು ಶಾಲೆ, ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿ, ಹುಟ್ಟಿತು, ಎನ್.ಆರ್. ಮಾಧವ ಮೆನನ್ ಅದರ ಸ್ಥಾಪಕ ನಿರ್ದೇಶಕರಾದರು. 1988ರಲ್ಲಿ ಮೊದಲ ತಂಡ ಬಂತು. ಅದನ್ನು ನೋಡಿ ಬೇರೆ ರಾಜ್ಯಗಳು ತಮ್ಮ ತಮ್ಮ ಕಾನೂನು ವಿಶ್ವವಿದ್ಯಾಲಯಗಳನ್ನು ಕಟ್ಟಿಕೊಂಡವು. ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರವೇಶ ಪರೀಕ್ಷೆ ಬರೆಯಬೇಕಾಗಿದ್ದ ಕಷ್ಟದ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋದ ಮೇಲೆ, 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಆರಂಭಿಸಿದವು. ಈಗ ಅದರಡಿ ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಿವೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ, ಅದೂ ಡಿಸೆಂಬರ್‌ನಲ್ಲೇ.

ಕ್ಲಾಟ್ ನೆನಪಿನ ಶಕ್ತಿಯನ್ನು ಅಳೆಯುವ ಪರೀಕ್ಷೆಯಲ್ಲ. 2020ರಲ್ಲಿ ಅದರ ಸ್ವರೂಪ ಬದಲಾಗಿ, ಗದ್ಯಭಾಗ ಓದಿ ಉತ್ತರಿಸುವ ಕ್ರಮ ಬಂತು. ಪ್ರಶ್ನೆಗಳ ಸಂಖ್ಯೆ 150ರಷ್ಟಿದ್ದದ್ದು 2024ನೇ ಸಾಲಿನಿಂದ 120ಕ್ಕೆ ಇಳಿದಿದೆ. ಸಮಯ ಎರಡು ಗಂಟೆ. ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ವಿಭಾಗಗಳಲ್ಲಿ ಗಣಿತದ ಪಾಲು ಚಿಕ್ಕದು, ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕದ ಪಾಲು ದೊಡ್ಡದು. ಒಂದೊಂದು ಗದ್ಯಭಾಗ ಸುಮಾರು 450 ಪದಗಳವರೆಗೂ ಇರಬಹುದಾದ್ದರಿಂದ, ಪ್ರಶ್ನೆ ಮತ್ತು ಉತ್ತರದ ಆಯ್ಕೆಗಳನ್ನೂ ಸೇರಿಸಿದರೆ, ಎರಡು ಗಂಟೆಯಲ್ಲಿ ಹತ್ತು ಸಾವಿರ ಪದಗಳ ಆಸುಪಾಸಿನ ಇಂಗ್ಲಿಷನ್ನು ಓದಿ, ಅರ್ಥ ಮಾಡಿಕೊಂಡು, ತೀರ್ಮಾನಿಸಿ, ಒಎಂಆರ್ ಹಾಳೆಯಲ್ಲಿ ಗುರುತು ಮಾಡಬೇಕಾಗುತ್ತದೆ.

ಇದರ ಪರಿಣಾಮವೇನೆಂದು ತಿಳಿಯಲು ಕಾನೂನು ತರ್ಕ ವಿಭಾಗದ ಪ್ರಶ್ನೆಯೊಂದರ ಬಗೆಯನ್ನು ಹತ್ತಿರದಿಂದ ನೋಡಬೇಕು. ಈ ವಿಭಾಗಕ್ಕೆ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ. ನಿಯಮವನ್ನು ಗದ್ಯಭಾಗದಲ್ಲೇ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಬೆಲೆಚೀಟಿ ಹಚ್ಚಿ ಸರಕನ್ನು ಜೋಡಿಸಿಡುವುದು ಮಾರಾಟದ ಪ್ರಸ್ತಾವವಲ್ಲ, ಗಿರಾಕಿಯಿಂದ ಪ್ರಸ್ತಾವವನ್ನು ಆಹ್ವಾನಿಸುವುದು ಮಾತ್ರ. ಗಿರಾಕಿ ಕೊಳ್ಳುತ್ತೇನೆ ಎಂದಾಗ ಪ್ರಸ್ತಾವವಾಗುತ್ತದೆ, ವ್ಯಾಪಾರಿ ಅದಕ್ಕೆ ಒಪ್ಪಿದಾಗ ಒಪ್ಪಂದವಾಗುತ್ತದೆ ಎಂಬ ನಿಯಮವನ್ನು ಕೊಟ್ಟಿದ್ದಾರೆ ಎಂದುಕೊಳ್ಳೋಣ. ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ 12,000 ರೂಪಾಯಿಯ ಸೀರೆಗೆ ಕಣ್ತಪ್ಪಿನಿಂದ 1,200 ರೂಪಾಯಿಯ ಚೀಟಿ ಹಚ್ಚಿದೆ. ಗಿರಾಕಿ 1,200 ರೂಪಾಯಿ ಎಣಿಸಿ ಮುಂದಿಡುತ್ತಾಳೆ. ಅಂಗಡಿಯವರು ಕೊಡಲು ಒಪ್ಪುವುದಿಲ್ಲ. ಒಪ್ಪಂದ ಆಗಿದೆಯೇ? ಇನ್ನೊಂದು ಪ್ರಶ್ನೆಯಲ್ಲಿ, ಅಂಗಡಿಯವರು ಹಣ ಪಡೆದು ರಸೀದಿ ಬರೆದುಕೊಟ್ಟ ಮೇಲೆ ತಪ್ಪು ಗೊತ್ತಾಗುತ್ತದೆ. ಆಗ? ಸಂತೆಯಲ್ಲಿ ತಂದೆಯ ಜೊತೆ ಕೂತು ವ್ಯಾಪಾರ ಮಾಡಿರುವ ಹರಿಹರದ ಹುಡುಗಿಗೆ ಈ ನಿಯಮವನ್ನೂ ಸಂಗತಿಯನ್ನೂ ಕನ್ನಡದಲ್ಲಿ ಹೇಳಿದರೆ, ಮೊದಲನೆಯದರಲ್ಲಿ ವ್ಯಾಪಾರಿ ಇನ್ನೂ ಒಪ್ಪಿಲ್ಲವಾದ್ದರಿಂದ ಒಪ್ಪಂದವಿಲ್ಲ, ಎರಡನೆಯದರಲ್ಲಿ ಒಪ್ಪಿ ರಸೀದಿ ಕೊಟ್ಟಾಗಿದೆಯಾದ್ದರಿಂದ ಈ ನಿಯಮದಂತೆ ಒಪ್ಪಂದವಿದೆ ಎಂದು ನಿಮಿಷದೊಳಗೆ ಬಿಡಿಸಿ ಹೇಳಬಲ್ಲಳು. ಅದೇ ಸಂಗತಿಯನ್ನು ನ್ಯಾಯಾಲಯದ ತೀರ್ಪಿನ ಶೈಲಿಯ ಇಂಗ್ಲಿಷಿನಲ್ಲಿ, ಉಪವಾಕ್ಯಗಳ ಒಳಗೆ ಉಪವಾಕ್ಯ ಸೇರಿಸಿ, 450 ಪದಗಳಲ್ಲಿ ಕೊಟ್ಟಾಗ ಅವಳು ಮೊದಲ ಪ್ಯಾರಾದಲ್ಲೇ ಎರಡು ನಿಮಿಷ ಕಳೆದುಕೊಳ್ಳುತ್ತಾಳೆ. ಅವಳ ತರ್ಕ ಸೋತದ್ದಲ್ಲ. ಓದಿನ ವೇಗ ಸಾಲದೆ ಬಂತು. ಆದರೆ ರ್‍ಯಾಂಕ್ ಪಟ್ಟಿ ಇವೆರಡರ ನಡುವೆ ವ್ಯತ್ಯಾಸ ಮಾಡುವುದಿಲ್ಲ.

ಹಾಗಾಗಿ ಕ್ಲಾಟ್ ಭಾರತೀಯ ಭಾಷೆಗಳಲ್ಲೂ ಇರಬೇಕು ಎಂಬ ಬೇಡಿಕೆಯನ್ನು ಗಂಭೀರವಾಗಿ ನೋಡಬೇಕು. 2023ರಲ್ಲಿ ಈ ಬಗ್ಗೆ ದೆಹಲಿ ಹೈಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. ಭಾರತೀಯ ವಕೀಲರ ಪರಿಷತ್ತು ಕೂಡ ಇಂಗ್ಲಿಷೇತರ ಭಾಷೆಗಳಲ್ಲಿ ಪರೀಕ್ಷೆ ನಡೆಸುವುದನ್ನು ಬೆಂಬಲಿಸುವ ನಿಲುವು ತಳೆಯಿತು. ನೀಟ್ 2017ರಿಂದ ಕನ್ನಡದಲ್ಲಿದೆ. ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ನೆರೆಯ ಮಹಾರಾಷ್ಟ್ರದ ಕಾನೂನು ಸಿಇಟಿಯನ್ನು ಮರಾಠಿಯಲ್ಲಿ, ತೆಲಂಗಾಣದ ಲಾಸೆಟ್ ಅನ್ನು ತೆಲುಗು ಹಾಗೂ ಉರ್ದುವಿನಲ್ಲೂ ಬರೆಯಬಹುದು. ವೈದ್ಯನಾಗುವವನ ಅರ್ಹತೆಯನ್ನು ಕನ್ನಡದಲ್ಲಿ ಅಳೆಯಲು ಸಾಧ್ಯವೆಂದು ದೇಶ ಒಪ್ಪಿಕೊಂಡಿರುವಾಗ, ವಕೀಲನಾಗುವವನದ್ದನ್ನು ಅಳೆಯಲಾಗದು ಎನ್ನುವುದಕ್ಕೆ ಬಲವಾದ ಕಾರಣ ಬೇಕಾಗುತ್ತದೆ.

ಎದುರು ವಾದದಲ್ಲಿ ಹುರುಳಿಲ್ಲವೆಂದಲ್ಲ. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳ ಭಾಷೆ ಇಂಗ್ಲಿಷ್; ಪಾಠ, ಪಠ್ಯ, ತೀರ್ಪುಗಳೆಲ್ಲ ಇಂಗ್ಲಿಷಿನಲ್ಲಿವೆ; ಭಾಷೆಯೇ ಉಪಕರಣವಾಗಿರುವ ವೃತ್ತಿಗೆ ಭಾಷೆಯ ಹಿಡಿತವನ್ನು ಪರೀಕ್ಷಿಸುವುದು ತಪ್ಪಲ್ಲ ಎಂಬುದು ಒಂದು ವಾದ. ಸೂಕ್ಷ್ಮ ಅರ್ಥವ್ಯತ್ಯಾಸಗಳ ಮೇಲೆ ನಿಂತ ಪ್ರಶ್ನೆಗಳನ್ನು ಹತ್ತಾರು ಭಾಷೆಗಳಿಗೆ ಅನುವಾದಿಸಿದರೆ ಉತ್ತರಗಳ ಬಗ್ಗೆ ವ್ಯಾಜ್ಯ ಹೆಚ್ಚುತ್ತದೆ ಎಂಬುದು ಇನ್ನೊಂದು. ಈ ಎರಡನೆಯ ಆಕ್ಷೇಪ ಪ್ರಾಮಾಣಿಕವಾದದ್ದು. ಇದಕ್ಕೆ ನೀಟ್ ಕಂಡುಕೊಂಡ ದಾರಿಯೆಂದರೆ ಗೊಂದಲ ಬಂದಾಗ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬ ನಿಯಮ. ಮೊದಲ ವಾದಕ್ಕೆ ಉತ್ತರ ಬೇರೆ ರೀತಿಯದು. ಇಂಗ್ಲಿಷ್ ಭಾಷೆಯ ವಿಭಾಗವನ್ನು ಹಾಗೆಯೇ ಉಳಿಸಿಕೊಂಡು, ಉಳಿದ ನಾಲ್ಕು ವಿಭಾಗಗಳನ್ನು ಮಾತ್ರ ವಿದ್ಯಾರ್ಥಿಯ ಭಾಷೆಯಲ್ಲೂ ಕೊಡಲು ಅಡ್ಡಿಯೇನೂ ಇಲ್ಲ. ಐದು ವರ್ಷಗಳಲ್ಲಿ ಇಂಗ್ಲಿಷನ್ನು ಕಲಿಸಬಹುದು, ಅದಕ್ಕೆಂದೇ ವಿಶ್ವವಿದ್ಯಾಲಯವಿರುವುದು. ಆದರೆ ಡಿಸೆಂಬರ್‌ನ ಒಂದು ಮಧ್ಯಾಹ್ನ ಹೊರಗೆ ಉಳಿದವಳಿಗೆ ಏನನ್ನೂ ಕಲಿಸಲಾಗದು. ಜೊತೆಗೆ, ಕರ್ನಾಟಕದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ಕಕ್ಷಿದಾರ ಮೊದಲು ಮೆಟ್ಟಿಲು ಹತ್ತುವುದು, ಸಾಕ್ಷಿ ನುಡಿಯುವುದು ಅಲ್ಲೇ. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಅನುವಾದದ ಪತ್ರಿಕೆ ಇರುವುದು ಇದೇ ಕಾರಣಕ್ಕೆ. ಕನ್ನಡದ ಹಿಡಿತ ಈ ವೃತ್ತಿಯಲ್ಲಿ ನಿಜವಾದ ಯೋಗ್ಯತೆ; ಪ್ರವೇಶದ ಹಂತದಲ್ಲಿ ಮಾತ್ರ ಅದಕ್ಕೆ ಕಾಸಿನ ಬೆಲೆಯೂ ಇಲ್ಲ.

ಇನ್ನು ಸ್ಥಳೀಯ ಮೀಸಲಾತಿಯ ವಿಷಯ. ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದವರಿಗೆ ಒಂದಿಷ್ಟು ಸೀಟು ಕಾದಿರಿಸಿಕೊಂಡಿದ್ದರೂ ಬೆಂಗಳೂರಿನದು ಬಹುಕಾಲ ಹಾಗೆ ಮಾಡಿರಲಿಲ್ಲ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ ಮೀಸಲಾತಿ, ಅಂದರೆ ಪ್ರತಿ ವರ್ಗದ ಸೀಟುಗಳ ಒಳಗೇ ಅನ್ವಯವಾಗುವ ಪಾಲು, ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ರವಿ ವಿ. ಹೊಸಮನಿ ಅವರಿದ್ದ ಕರ್ನಾಟಕ ಹೈಕೋರ್ಟ್ ಪೀಠ ತಿದ್ದುಪಡಿಯನ್ನು ರದ್ದುಪಡಿಸಿತು. ಸ್ವಾಯತ್ತ ಸಂಸ್ಥೆಯ ಮೇಲೆ ಇಂಥ ಮೀಸಲಾತಿ ಹೇರುವ ಅಧಿಕಾರ ರಾಜ್ಯಕ್ಕಿಲ್ಲ ಎಂಬುದು ತೀರ್ಪಿನ ಸಾರ. ಸರ್ಕಾರ ಮಾಡಲಾಗದ್ದನ್ನು ಮರುವರ್ಷ ವಿಶ್ವವಿದ್ಯಾಲಯವೇ ತನ್ನ ಒಳಗೊಳ್ಳುವಿಕೆ ಮತ್ತು ವಿಸ್ತರಣಾ ಯೋಜನೆಯಡಿ ಮಾಡಿತು. 2021ರಿಂದ ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸೀಟುಗಳಿವೆ. ಕರ್ನಾಟಕದ ವಿದ್ಯಾರ್ಥಿ ಎಂದು ಪರಿಗಣಿಸಲು, ಅರ್ಹತಾ ಪರೀಕ್ಷೆಗೆ ಮುಂಚೆ ರಾಜ್ಯದ ಮಾನ್ಯತೆ ಪಡೆದ ಶಾಲೆ, ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು.

ಇದು ಒಳ್ಳೆಯ ಹೆಜ್ಜೆ, ಆದರೆ ಅರ್ಧ ದಾರಿಯದು. ಈ ಸೀಟುಗಳ ಹಂಚಿಕೆಯೂ ಕ್ಲಾಟ್ ರ್‍ಯಾಂಕ್ ಪ್ರಕಾರವೇ ನಡೆಯುವುದರಿಂದ, ರಾಜ್ಯದೊಳಗೆ ಆ ರ್‍ಯಾಂಕ್ ತೆಗೆಯಬಲ್ಲವರಿಗೇ ಅವು ಮೊದಲು ಸಿಗುತ್ತವೆ. ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿ, ಹನ್ನೊಂದನೇ ತರಗತಿಯಿಂದಲೇ ತರಬೇತಿ ಪಡೆದವರೂ ಕರ್ನಾಟಕದ ವಿದ್ಯಾರ್ಥಿಗಳೇ. ಹೊಸದುರ್ಗದ ಸರ್ಕಾರಿ ಪದವಿಪೂರ್ವ ಕಾಲೇಜಿನವರೂ ಕರ್ನಾಟಕದ ವಿದ್ಯಾರ್ಥಿಗಳೇ. ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಮೀಸಲಾತಿ ಯಾರಿಗೆ ದಕ್ಕುತ್ತದೆಂದು ಊಹಿಸುವುದು ಕಷ್ಟವಲ್ಲ. ಸಿಇಟಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಇರುವಂಥ ಒಳ ಪಾಲು ಈ ಶೇ 25ರೊಳಗೂ ಬಂದರೆ ಚಿತ್ರ ಬದಲಾದೀತು. ದೇಶದ ಕಾನೂನು ಶಾಲೆಗಳಲ್ಲಿ ವಂಚಿತ ಹಿನ್ನೆಲೆಯವರು ಎಷ್ಟು ವಿರಳವೆಂಬುದನ್ನು ಕಂಡೇ ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಷೀರ್ 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿ, ಅಂಥ ವಿದ್ಯಾರ್ಥಿಗಳನ್ನು ಹುಡುಕಿ ತರಬೇತಿ ಕೊಡುವ ಕೆಲಸ ಆರಂಭಿಸಿದರು. ಒಂದು ಸ್ವಯಂಸೇವಾ ಸಂಸ್ಥೆ ಹೊರಬಲ್ಲ ಭಾರಕ್ಕೆ ಮಿತಿಯಿದೆ.

ಅರ್ಜಿ ತುಂಬುವ ಹಂತಕ್ಕೆ ಬಂದವರೂ ಎಡವುವುದು ಪ್ರಮಾಣಪತ್ರಗಳಲ್ಲಿ. ನಾಡಕಚೇರಿಯಿಂದ ಪಡೆದ, ಆರ್‌ಡಿ ಸಂಖ್ಯೆ ಇರುವ ಜಾತಿ–ಆದಾಯ ಪ್ರಮಾಣಪತ್ರ ರಾಜ್ಯದ ಕೆಲಸಗಳಿಗೆ ಸಾಕು. 2ಎ, 2ಬಿ, 3ಎ, 3ಬಿ ಎಂಬ ಪ್ರವರ್ಗಗಳು ರಾಜ್ಯದ ಪಟ್ಟಿಯವು. ಆದರೆ ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಎಂಬ ಕೇಂದ್ರದ ವರ್ಗೀಕರಣದಡಿ ಸೀಟು ಕೇಳುವಾಗ ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಬೇರೆಯಾಗಿ ಪಡೆಯಬೇಕಾಗುತ್ತದೆ. ರಾಜ್ಯದ ಪಟ್ಟಿಯಲ್ಲಿ ಇರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ ಎಂಬುದು ಹಲವರಿಗೆ ತಿಳಿಯುವುದೇ ದಾಖಲೆ ಪರಿಶೀಲನೆಯ ದಿನ. ಕರ್ನಾಟಕದ ವಿದ್ಯಾರ್ಥಿ ಎಂಬ ಹಕ್ಕನ್ನೂ ಅರ್ಜಿಯಲ್ಲೇ ನಮೂದಿಸಬೇಕು. ಅದಕ್ಕೆ ಬೇಕಾದ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರಕ್ಕಾಗಿ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಕಾಲೇಜು ಮೂರನ್ನೂ ಅಲೆಯಬೇಕಾಗಬಹುದು. ಈ ಕಾಗದಪತ್ರಗಳ ಕೆಲಸವನ್ನು ದಸರಾ ರಜೆಗೆ ಮುಂಚೆ ಮುಗಿಸಿಕೊಂಡವರು ನೆಮ್ಮದಿಯಿಂದ ಓದಿಕೊಳ್ಳಬಹುದು. ಕನಿಷ್ಠ ಅಂಕದ ನಿಯಮ ಅಷ್ಟು ಕಠಿಣವಲ್ಲ: ಕ್ಲಾಟ್‌ಗೆ ಪಿಯುಸಿಯಲ್ಲಿ ಸಾಮಾನ್ಯವಾಗಿ ಶೇ 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40 ಬೇಕು. ದ್ವಿತೀಯ ಪಿಯುಸಿ ಓದುತ್ತಿರುವವರೂ ಪರೀಕ್ಷೆ ಬರೆಯಬಹುದು. ವಯಸ್ಸಿನ ಗರಿಷ್ಠ ಮಿತಿಯಿಲ್ಲ.

ಹಣದ ಲೆಕ್ಕ ಬೇರೆಯೇ ಇದೆ. ಕ್ಲಾಟ್ ಅರ್ಜಿ ಶುಲ್ಕ ಈಚಿನ ವರ್ಷಗಳಲ್ಲಿ 4,000 ರೂಪಾಯಿ. ಪರಿಶಿಷ್ಟರಿಗೆ ಮತ್ತು ಬಡತನ ರೇಖೆಯ ಕೆಳಗಿನವರಿಗೆ 3,500 ರೂಪಾಯಿ. ಬಡ ಅಭ್ಯರ್ಥಿಗೆ ಕೊಟ್ಟಿರುವ ರಿಯಾಯಿತಿ ಐನೂರು ರೂಪಾಯಿ ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ಕೂಲಿ ಮಾಡುವ ಕುಟುಂಬಕ್ಕೆ ಇದು ವಾರದ ದುಡಿಮೆಯನ್ನೂ ಮೀರುವ ಮೊತ್ತ. ಪರೀಕ್ಷೆಯ ನಂತರ ಕೌನ್ಸೆಲಿಂಗ್‌ಗೆ ಹೆಸರು ನೋಂದಾಯಿಸಲು ಹತ್ತಾರು ಸಾವಿರ ರೂಪಾಯಿಯನ್ನು ಮುಂಗಡವಾಗಿ ಕಟ್ಟಬೇಕು. ಸೀಟು ಸಿಗದಿದ್ದರೆ ಅದು ಮರಳಿ ಬರುತ್ತದೆಂಬುದು ನಿಜ, ಆದರೆ ಕೆಲವೇ ದಿನಗಳಲ್ಲಿ ಹೊಂದಿಸಬೇಕಾದ ನಗದು ಅದು. ಸೀಟು ಸಿಕ್ಕ ಮೇಲೆ ಬೆಂಗಳೂರಿನ ಕಾನೂನು ಶಾಲೆಯ ವಾರ್ಷಿಕ ವೆಚ್ಚ ಮೂರು ಲಕ್ಷ ದಾಟುತ್ತದೆ. ಇಲ್ಲಿ ಮಾತ್ರ ಎದೆಗುಂದದಿರಲು ಕಾರಣಗಳಿವೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಅಧಿಸೂಚಿತ ಸಂಸ್ಥೆಗಳಲ್ಲಿ ಓದಲು ಕೇಂದ್ರದ ಟಾಪ್ ಕ್ಲಾಸ್ ಶಿಕ್ಷಣ ಎಂಬ ವಿದ್ಯಾರ್ಥಿವೇತನ ಯೋಜನೆಯಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಉನ್ನತ ಶ್ರೇಯಾಂಕದ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ, ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯೂ ಇದೆ. ವಿಶ್ವವಿದ್ಯಾಲಯಗಳ ಸ್ವಂತ ನೆರವನ್ನೂ ಕೇಳಿ ಪಡೆಯಬಹುದು. ಒಟ್ಟಿನಲ್ಲಿ ಒಳಗೆ ಹೋದ ಮೇಲಿನ ಖರ್ಚಿಗೆ ದಾರಿಗಳಿವೆ, ಬಾಗಿಲಿನವರೆಗೆ ಹೋಗುವ ಖರ್ಚಿಗೆ ಯಾರೂ ಹೊಣೆಯಲ್ಲ.

ಇಷ್ಟೆಲ್ಲ ಕೇಳುವ ಪರೀಕ್ಷೆ ತಾನು ನಿರ್ದುಷ್ಟವಾಗಿದ್ದರೆ ಒಂದು ಮಾತು. 2024ರ ಡಿಸೆಂಬರ್ 1ರ ಪರೀಕ್ಷೆಯ ಉತ್ತರಗಳ ಬಗ್ಗೆ ಹಲವು ಹೈಕೋರ್ಟ್‌ಗಳಲ್ಲಿ ದಾವೆಗಳು ಹೂಡಲ್ಪಟ್ಟವು. ಡಿಸೆಂಬರ್ 20ರಂದು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಎರಡು ಪ್ರಶ್ನೆಗಳ ಉತ್ತರದಲ್ಲಿ ತಪ್ಪು ಕಂಡಿತು. ಎಲ್ಲ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ ದೆಹಲಿಗೆ ವರ್ಗಾಯಿಸಿದ ಮೇಲೆ 2025ರ ಏಪ್ರಿಲ್ 23ರಂದು ವಿಭಾಗೀಯ ಪೀಠದ ಆದೇಶ ಬಂತು. ಕೊನೆಗೆ ಮೇ 7ರಂದು ಸುಪ್ರೀಂ ಕೋರ್ಟ್ ಇನ್ನಷ್ಟು ತಿದ್ದುಪಡಿ ಮಾಡಿ, ಪ್ರಶ್ನೆಗಳನ್ನು ರೂಪಿಸುತ್ತಿರುವ ಅಲಕ್ಷ್ಯದ ಬಗ್ಗೆ ತನ್ನ ವೇದನೆಯನ್ನು ದಾಖಲಿಸಿತು. ಇದರಿಂದ ಕೌನ್ಸೆಲಿಂಗ್ ತಿಂಗಳುಗಟ್ಟಲೆ ನಿಂತಿತ್ತು. ಒಂದು ಉತ್ತರವನ್ನು ಪ್ರಶ್ನಿಸಲು ಅಭ್ಯರ್ಥಿ ಸಾವಿರ ರೂಪಾಯಿ ಕಟ್ಟಬೇಕಾಗಿದ್ದ ವ್ಯವಸ್ಥೆಯಿದು ಎಂಬುದನ್ನೂ ನೆನಪಿಡಬೇಕು. ತಕರಾರು ತೆಗೆಯುವ ಶಕ್ತಿಯೂ ಹಣವಿದ್ದವರ ಪಾಲಾದರೆ, ಉತ್ತರಸೂಚಿಯ ತಪ್ಪಿನ ಭಾರ ಸುಮ್ಮನಿದ್ದವರ ಮೇಲೆ ಬೀಳುತ್ತದೆ.

ಕ್ಲಾಟ್ ತಪ್ಪಿದವರಿಗೆ ಕಾನೂನಿನ ದಾರಿ ಮುಚ್ಚಿತೆಂದು ಭಾವಿಸಬೇಕಿಲ್ಲ. ಈ ರಾಜ್ಯದ ವಕೀಲರಲ್ಲಿ, ನ್ಯಾಯಾಧೀಶರಲ್ಲಿ ದೊಡ್ಡ ಪಾಲು ಬಂದಿರುವುದು ಸಾಮಾನ್ಯ ಕಾನೂನು ಕಾಲೇಜುಗಳಿಂದಲೇ. 2009ರಲ್ಲಿ ಸ್ಥಾಪನೆಯಾಗಿ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಬೆಳಗಾವಿಯಿಂದ ಮೈಸೂರಿನವರೆಗೆ, ಕಲಬುರಗಿಯಿಂದ ಉಡುಪಿಯವರೆಗೆ ಕಾಲೇಜುಗಳಿವೆ. ಅಲ್ಲಿ ಬಿ.ಎ. ಎಲ್‌ಎಲ್‌.ಬಿ., ಬಿ.ಬಿ.ಎ. ಎಲ್‌ಎಲ್‌.ಬಿ., ಬಿ.ಕಾಂ. ಎಲ್‌ಎಲ್‌.ಬಿ.ಯಂಥ ಐದು ವರ್ಷಗಳ ಕೋರ್ಸ್‌ಗಳಿಗೆ ಪಿಯುಸಿ ಅಂಕಗಳ ಆಧಾರದಲ್ಲೇ ಪ್ರವೇಶ. ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಜಿ ಕರೆದಿರುವ ವರ್ಷಗಳೂ ಇರುವುದರಿಂದ, ವಿಶ್ವವಿದ್ಯಾಲಯದ ಅಧಿಸೂಚನೆಯ ಜೊತೆಗೆ ಪ್ರಾಧಿಕಾರದ ಪ್ರಕಟಣೆಯನ್ನೂ ಮೇ, ಜೂನ್ ತಿಂಗಳುಗಳಲ್ಲಿ ಗಮನಿಸುತ್ತಿರಬೇಕು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಕನಿಷ್ಠ ಅಂಕ. ಹತ್ತನೇ ತರಗತಿಯಂಥ ಮೂಲ ಅರ್ಹತೆಯೇ ಇಲ್ಲದೆ ಮುಕ್ತ ವ್ಯವಸ್ಥೆಯಲ್ಲಿ ನೇರವಾಗಿ ಹನ್ನೆರಡನೇ ತರಗತಿ ಮುಗಿಸಿದವರಿಗೆ ಈ ನಿಯಮಗಳು ಅವಕಾಶ ಕೊಡುವುದಿಲ್ಲ. ಪದವಿ ಮುಗಿಸಿ ಮೂರು ವರ್ಷಗಳ ಎಲ್‌ಎಲ್‌.ಬಿ. ಓದುವ ಹಳೆಯ ದಾರಿಯೂ ಇದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಆ ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಬಹುದಾದ್ದರಿಂದ ಕನ್ನಡ ಮಾಧ್ಯಮದವರಿಗೆ ಅದು ಇಂದಿಗೂ ಅನುಕೂಲವಾದದ್ದು.

ಈ ದಾರಿಯಲ್ಲಿ ಎಚ್ಚರ ಬೇಕಾಗಿರುವುದು ಕಾಲೇಜಿನ ಆಯ್ಕೆಯಲ್ಲಿ. ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆ ಇದ್ದರೆ ಸಾಲದು, ವಕೀಲರ ಪರಿಷತ್ತಿನ ಅನುಮೋದನೆಯೂ ಚಾಲ್ತಿಯಲ್ಲಿರಬೇಕು. ಅದಿಲ್ಲದ ಕಾಲೇಜಿನ ಪದವಿ ಹಿಡಿದು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಕೇಳಲು ಹೋದಾಗ ಐದು ವರ್ಷದ ಶ್ರಮವೇ ಪ್ರಶ್ನೆಗೆ ಒಳಗಾಗುತ್ತದೆ. ಗುಣಮಟ್ಟ ಕುಸಿಯುತ್ತಿರುವ ಕಾರಣಕ್ಕೇ ಪರಿಷತ್ತು 2025ರ ಆಗಸ್ಟ್‌ನಲ್ಲಿ ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿದೆ. ಹೀಗಾಗಿ ಹೊಸದಾಗಿ ಆರಂಭಿಸುತ್ತಿದ್ದೇವೆ, ಅನುಮೋದನೆ ಬರಲಿದೆ ಎಂದು ಸೀಟು ಮಾರುವವರ ಮಾತನ್ನು ಕಾಗದ ನೋಡದೆ ನಂಬಬಾರದು. ಶುಲ್ಕ ಕಟ್ಟುವ ಮುನ್ನ ಅನುಮೋದನೆ ಪತ್ರದಲ್ಲಿರುವ ವರ್ಷವನ್ನು, ಯಾವ ಕೋರ್ಸಿಗೆ ಎಷ್ಟು ಸೀಟು ಎಂಬುದನ್ನು ನೋಡಬೇಕು. ನಂತರ ಕಾಲೇಜಿಗೆ ಹೋಗಿ ಗ್ರಂಥಾಲಯ ತೆರೆದಿದೆಯೇ, ಅಣಕು ನ್ಯಾಯಾಲಯ ನಡೆಯುತ್ತದೆಯೇ, ಪಾಠ ಮಾಡುವವರು ಕಾಯಂ ಅಧ್ಯಾಪಕರೇ ಎಂದು ಹಿರಿಯ ವಿದ್ಯಾರ್ಥಿಗಳನ್ನೇ ಕೇಳಬೇಕು. ಇವುಗಳನ್ನು ಮರೆಮಾಚುವುದು ಕಾಲೇಜಿಗೆ ಕಷ್ಟ.

ನ್ಯಾಯಾಂಗ ಸೇವೆಯ ಕನಸಿರುವವರು ಇನ್ನೊಂದು ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಬೇಕು. ಸುಪ್ರೀಂ ಕೋರ್ಟ್ 2025ರ ಮೇ 20ರಂದು, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂಬ ನಿಯಮವನ್ನು ಮರಳಿ ತಂದಿದೆ. ಐದು ವರ್ಷ ಓದು, ಮೂರು ವರ್ಷ ಕಿರಿಯ ವಕೀಲರಾಗಿ ಅಲ್ಪ ಸಂಪಾದನೆ. ಸಾಲ ಮಾಡಿ ಓದುವವರು ಈ ಎಂಟು ವರ್ಷಗಳನ್ನು ಒಟ್ಟಿಗೇ ಎಣಿಸಬೇಕಾಗುತ್ತದೆ. ಸನ್ನದು ನೋಂದಣಿಯ ಖರ್ಚು ಮಾತ್ರ ಕಡಿಮೆಯಾಗಿದೆ: ಸುಪ್ರೀಂ ಕೋರ್ಟ್‌ನ 2024ರ ಜುಲೈ 30ರ ತೀರ್ಪಿನಂತೆ ರಾಜ್ಯ ವಕೀಲರ ಪರಿಷತ್ತುಗಳು ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ. ಅದಕ್ಕೂ ಮುಂಚೆ ಹಲವು ರಾಜ್ಯಗಳಲ್ಲಿ ಈ ಮೊತ್ತ ಹತ್ತಾರು ಸಾವಿರಕ್ಕೆ ಏರಿತ್ತು. ವೃತ್ತಿಗೆ ಪ್ರವೇಶಿಸುವಾಗ ಬಡವರಿಂದ ಭಾರಿ ಶುಲ್ಕ ಪಡೆಯುವುದು ಸಮಾನತೆಗೆ ವಿರುದ್ಧ ಎಂದು ಆ ತೀರ್ಪಿನಲ್ಲಿ ನ್ಯಾಯಾಲಯ ಒಪ್ಪಿಕೊಂಡ ತತ್ವ, ಅದೇ ವೃತ್ತಿಯ ಶಿಕ್ಷಣಕ್ಕೆ ಪ್ರವೇಶ ಕೊಡುವ ಪರೀಕ್ಷೆಯ ಶುಲ್ಕಕ್ಕೂ ಅನ್ವಯವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಭಾಷೆಯ ಪ್ರಶ್ನೆ ಇತ್ಯರ್ಥವಾಗಲು, ಶುಲ್ಕ ಇಳಿಯಲು ಸಮಯ ಹಿಡಿಯಬಹುದು. ಆದರೆ ಮಾಹಿತಿಯ ಕೊರತೆಯನ್ನು ನೀಗಲು ಯಾವ ನ್ಯಾಯಾಲಯದ ಆದೇಶವೂ ಬೇಕಿಲ್ಲ. ಪದವಿಪೂರ್ವ ಶಿಕ್ಷಣ ಇಲಾಖೆ ಪ್ರತಿ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಎಲ್ಲ ಕಾಲೇಜುಗಳಿಗೆ ಕ್ಲಾಟ್ ಮತ್ತು ಐಲೆಟ್‌ನ ಅರ್ಜಿ ದಿನಾಂಕ, ಶುಲ್ಕ, ಬೇಕಾಗುವ ಪ್ರಮಾಣಪತ್ರಗಳ ವಿವರವಿರುವ ಒಂದು ಪುಟದ ಕನ್ನಡ ಸುತ್ತೋಲೆ ಕಳಿಸಿ, ಅದನ್ನು ಕಲಾ ಮತ್ತು ವಾಣಿಜ್ಯ ತರಗತಿಗಳಲ್ಲಿ ಓದಿ ಹೇಳಬೇಕೆಂದು ಪ್ರಾಂಶುಪಾಲರಿಗೆ ಸೂಚಿಸಬಹುದು. ತಾಲ್ಲೂಕು ವಕೀಲರ ಸಂಘಗಳ ಕಿರಿಯ ಸದಸ್ಯರು ತಮ್ಮೂರಿನ ಪಿಯು ಕಾಲೇಜಿಗೆ ಹೋಗಿ ಒಂದು ಗಂಟೆ ಮಾತನಾಡಬಹುದು. ನ್ಯಾಯಾಲಯದ ಆವರಣಕ್ಕೂ ಕಾಲೇಜಿಗೂ ಬಹುತೇಕ ಊರುಗಳಲ್ಲಿ ಹೆಚ್ಚಿನ ದೂರವೇನಿಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಲ್ಲಿರುವ ದ್ವಿತೀಯ ಪಿಯುಸಿಯವರಲ್ಲಿ ಆಸಕ್ತರ ಅರ್ಜಿ ಶುಲ್ಕವನ್ನು ಇಲಾಖೆಯೇ ಭರಿಸಿದರೆ, ಸರ್ಕಾರದ ಬೊಕ್ಕಸಕ್ಕೆ ಅದು ಹೊರೆಯೆನಿಸುವ ಮೊತ್ತವೇನಲ್ಲ. ಈ ಮೂರೂ ಕೆಲಸಗಳು ಮುಂದಿನ ಆಗಸ್ಟ್‌ನಲ್ಲೇ ಆರಂಭವಾಗಬಹುದು.